ಕಾಳಿಂಗ ನಾವಡರ ಗಾನವೂ ಕೇಳಿದವರ ಸ್ಮೃತಿಯೂ

ಯಕ್ಷಗಾನದ ಚರಿತ್ರೆಯನ್ನು ಕುರಿತು ನಮ್ಮ ವಿದ್ವಾಂಸರು ನಡೆಯಿಸಿದ ವಿಚಾರವು ಬಹುಮಟ್ಟಿಗೆ ಪ್ರಸಂಗಗ್ರಂಥಗಳನ್ನು ಆಶ್ರಯಿಸಿ ನಡೆದುದಾಗಿದೆ. ಅಜಪುರದ ವಿಷ್ಣುವಿನ ‘ವಿರಾಟಪರ್ವ’ದ ಓಲೆಪ್ರತಿಯು ಕ್ರಿ. ಶ. ೧೫೬೪ರದೆಂದು ಶಿವರಾಮ ಕಾರಂತರು ಪ್ರತಿಪಾದಿಸಿದುದು, ಪಾರ್ತಿಸುಬ್ಬನ ಕಾಲದೇಶಗಳನ್ನೂ ಕರ್ತೃತ್ವವನ್ನೂ ಕುರಿತು ಮುಳಿಯ ತಿಮ್ಮಪ್ಪಯ್ಯನವರು, ಕಾರಂತರು, ಕುಕ್ಕಿಲ ಕೃಷ್ಣ ಭಟ್ಟರು ಮೊದಲಾದವರೊಳಗೆ ನಡೆದ ವಾಗ್ವಾದ, ಉಡುಪಿಯ ಪಾವಂಜೆ ಗುರುರಾಯರು ಅಚ್ಚು ಹಾಕಿಸಿ ಊರೂರಿಗೆ ಮುಟ್ಟಿಸಿದ ಪ್ರಸಂಗಗಳು, ಇವೆಲ್ಲ ವಾಚಕರಿಗೆ ಗೊತ್ತಿರತಕ್ಕ ವಿಷಯಗಳೇ. ಆದರೆ ಹಾಡಿದ ದನಿಯ ಚರಿತ್ರೆ ಬೇರೆ. ಓಲೆಯಲ್ಲಿಯೂ ಅಚ್ಚಿನ ಪುಸ್ತಕದಲ್ಲಿಯೂ ಪದದ ತಲೆಯ ಮೇಲೆ ಒಂದು ರಾಗದ ಹೆಸರು, ಒಂದು ತಾಳದ ಹೆಸರು, ಇಷ್ಟೇ ದೊರೆಯುವುದು. ಸಾವೇರಿಯೆಂದು ಬರೆದಲ್ಲಿ ಭಾಗವತನು ಏನನ್ನು ಹಾಡಿದನು, ಝಂಪೆಯೆಂದು ಬರೆದಲ್ಲಿ ಮದ್ದಳೆಗಾರನು ಯಾವ ಕಾಲದಲ್ಲಿ ನುಡಿಸಿದನು ಎಂಬುದನ್ನು ಲಿಪಿಯು ಹೇಳದು. ಹಾಡಿದವನ ದನಿ ಅವನೊಡನೆಯೇ ಹೋಗುತ್ತಿತ್ತು; ಉಳಿಯುತ್ತಿದ್ದುದು ಕೇಳಿದವರ ಮಾತು ಮಾತ್ರ.

ಈ ಸ್ಥಿತಿಯು ಕ್ರಿ. ಶ. ೧೯೮೦ರಿಂದ ಈಚೆಗೆ ಬದಲಾಯಿತು. ಆ ದಶಕದಲ್ಲಿ ಕರಾವಳಿಯ ಜನರ ಕೈಗೆ ಧ್ವನಿಗ್ರಾಹಕ ಯಂತ್ರವು ಬಂದಿತು; ಅದೇ ದಶಕದಲ್ಲಿ ಬಡಗುತಿಟ್ಟಿನ ರಂಗಸ್ಥಳದ ಮೇಲೆ ಗುಂಡ್ಮಿ ಕಾಳಿಂಗ ನಾವಡರು ಹಾಡಿದರು. ಈ ಎರಡು ಸಂಗತಿಗಳು ಕೂಡಿದುದರಿಂದ ಯಕ್ಷಗಾನದ ಚರಿತ್ರಕಾರನಿಗೆ ಹಿಂದೆ ಎಂದೂ ಇಲ್ಲದಿದ್ದ ಒಂದು ಸಾಮಗ್ರಿಯೂ, ಅದರೊಡನೆಯೇ ಹಿಂದೆ ಎಂದೂ ಇಲ್ಲದಿದ್ದ ಒಂದು ತೊಡಕೂ ಒದಗಿವೆ. ಒಂದೇ ರಾತ್ರಿಯ ಹಾಡಿಗೆ ಈಗ ಎರಡು ಬಗೆಯ ಸಾಕ್ಷಿಗಳುಂಟು: ಯಂತ್ರವು ಹಿಡಿದಿಟ್ಟ ದನಿ, ಕೇಳಿದವರು ಹಿಡಿದಿಟ್ಟುಕೊಂಡ ನೆನಪು. ಇವು ಒಂದನ್ನೊಂದು ಒಪ್ಪದಿದ್ದಲ್ಲಿ ಯಾವುದನ್ನು ಪ್ರಮಾಣವೆಂದು ಹಿಡಿಯಬೇಕು? ನಗರದ ವಿದ್ವಾಂಸರಲ್ಲಿ ಅನೇಕರು ಯಂತ್ರವನ್ನೇ ಎಂದು ಥಟ್ಟನೆ ಉತ್ತರಿಸುವರು. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಕಡೆಯ ಕೆಲವು ಹಳೆಯ ಶ್ರೋತೃಗಳನ್ನು ಕಳೆದ ಎರಡು ಮಳೆಗಾಲಗಳಲ್ಲಿ ಕಂಡು, ಅವರ ಬಳಿಯಿರುವ ಧ್ವನಿಸುರುಳಿಗಳನ್ನು ಕೇಳಿದ ಬಳಿಕ ನಮಗೆ ಆ ಉತ್ತರವು ಅಷ್ಟು ಸುಲಭವೆಂದು ತೋರಲಿಲ್ಲ. ಅದರ ವಿಚಾರವೇ ಈ ಲೇಖನದ ವಿಷಯ.

ಮೊದಲು ಪುರುಷನ ವಿಷಯವನ್ನು ಸಂಕ್ಷೇಪವಾಗಿ ಹೇಳುವೆವು. ಕಾಳಿಂಗ ನಾವಡರು ೧೯೫೮ರಲ್ಲಿ ಸಾಲಿಗ್ರಾಮದ ಬಳಿಯ ಗುಂಡ್ಮಿಯಲ್ಲಿ ಹುಟ್ಟಿದರು. ಆ ಊರು ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತು. ಉಡುಪಿಯು ಪ್ರತ್ಯೇಕ ಜಿಲ್ಲೆಯಾದುದು ೧೯೯೭ರಲ್ಲಿ. ತಂದೆ ರಾಮಚಂದ್ರ ನಾವಡರು ತಾವೂ ಭಾಗವತರು. ಮಗನಿಗೆ ದೊರೆತ ಗುರುಗಳು ಮಾರ್ವಿಯ ನಾರ್ಣಪ್ಪ ಉಪ್ಪೂರರು. ಅಂದರೆ ಬಡಗುತಿಟ್ಟಿನ ಗಾನಸಂಪ್ರದಾಯಗಳೊಳಗೆ ಶುದ್ಧವೆಂದು ಎಲ್ಲರೂ ಒಪ್ಪಿದ ಒಂದು ಪರಂಪರೆಯ ಮನೆಯಲ್ಲಿಯೇ ಅವರ ಶಿಕ್ಷಣವಾಯಿತು. ಈ ಒಂದು ಸಂಗತಿಯನ್ನು ಮುಂದಿನ ವಿಚಾರಕ್ಕಾಗಿ ವಾಚಕರು ನೆನಪಿನಲ್ಲಿಡಬೇಕು. ಸಾಲಿಗ್ರಾಮ ಮೇಳದಲ್ಲಿ ಪ್ರಧಾನ ಭಾಗವತರಾಗಿ ಅವರು ಕೀರ್ತಿಯನ್ನು ಪಡೆದರು. ೧೯೯೦ರ ಮೇ ತಿಂಗಳ ೨೭ರಂದು, ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆಯ ಆಸುಪಾಸಿನಲ್ಲಿ, ದಾರಿಯ ಮೇಲಿನ ವಾಹನಾಪಘಾತದಲ್ಲಿ ಮೃತಿ ಹೊಂದಿದರು. ಆಗ ಅವರಿಗೆ ಮೂವತ್ತೆರಡು ತುಂಬಿರಲಿಲ್ಲ. ಭಾಗವತನಿಗೆ ಮೂವತ್ತೆರಡೆಂಬುದು ಕಲಿಕೆ ಮುಗಿದು ಹಾಡಿಕೆ ಮೊದಲಾಗುವ ವಯಸ್ಸು. ಇವರ ಸಕಲ ಕೃತಿಯೂ ಅದರೊಳಗೆಯೇ ನಡೆದುಹೋಯಿತು.

ಆ ಕಾಲದ ಮೇಳಗಳ ಸ್ಥಿತಿಯನ್ನು ತಿಳಿಯದೆ ಈ ಗಾನದ ಸ್ವರೂಪವು ತಿಳಿಯುವುದಿಲ್ಲ. ಹರಕೆಯ ಬಯಲಾಟದಲ್ಲಿ ಆಟವಾಡಿಸುವವನು ದೇವರಿಗೆ ಹರಕೆ ಹೊತ್ತ ಗೃಹಸ್ಥನು. ನೋಡುವವನು ಹಣ ಕೊಡುವುದಿಲ್ಲ. ಆದುದರಿಂದ ಅವನು ಮೆಚ್ಚಿದರೂ ಮೆಚ್ಚದಿದ್ದರೂ ಮೇಳವು ನಡೆಯುವುದು. ಡೇರೆಯ ಮೇಳದಲ್ಲಿ ಹಾಗಲ್ಲ. ಅಲ್ಲಿ ನೆಲದವನೂ ಕುರ್ಚಿಯವನೂ ಟಿಕೇಟು ಕೊಂಡು ಒಳಗೆ ಬರಬೇಕು. ಅವನು ಮಾರನೆಯ ರಾತ್ರಿ ಮುಂದಿನ ಊರಿಗೆ ಸೈಕಲ್ಲು ತುಳಿದುಕೊಂಡು ಬರುವಂತೆ ಮಾಡಬೇಕಾದುದು ಮೇಳದ ಯಜಮಾನನ ಧರ್ಮ. ಸಾಲಿಗ್ರಾಮ ಮೇಳವನ್ನು ಈ ಮಾರ್ಗದಲ್ಲಿ ನಡೆಯಿಸಿದವರು ಕಾರ್ಕಳದ ಕಡೆಯ ಪಳ್ಳಿ ಸೋಮನಾಥ ಹೆಗ್ಡೆಯವರು. ಕಾರ್ಕಳವೆಂದರೆ ೧೪೩೨ರ ಗೊಮ್ಮಟನನ್ನೂ ಭೈರರಸರನ್ನೂ ಮಾತ್ರ ನೆನೆಯುವ ನಮ್ಮ ಪಂಡಿತವರ್ಗವು, ಕಳೆದ ಶತಮಾನದ ಬಡಗುತಿಟ್ಟಿನ ಅತ್ಯಂತ ಜನಪ್ರಿಯ ಮೇಳವೊಂದರ ಯಜಮಾನಿಕೆಯೂ ಆ ಸೀಮೆಯದೇ ಎಂಬುದನ್ನು ಗಮನಿಸಿದಂತೆ ಕಾಣುವುದಿಲ್ಲ.

ಡೇರೆಯೊಡನೆ ಧ್ವನಿವರ್ಧಕವೂ ಬಂದಿತು. ಅದಿಲ್ಲದ ಕಾಲದಲ್ಲಿ ಭಾಗವತನ ಮೊದಲ ಗುಣವು ತಾರಸ್ಥಾಯಿಯ ಕಂಠಬಲ. ಗದ್ದೆಯ ಆಚೆಯ ಅಂಚಿನಲ್ಲಿ ಕುಳಿತವನಿಗೂ ಚಂಡೆಯನ್ನು ಮೀರಿ ಸಾಹಿತ್ಯವು ಕೇಳಿಸಬೇಕು. ಆಲಾಪನೆಯು ಆಗ ಚಿಕ್ಕದಾಗಿದ್ದುದಕ್ಕೆ ಶಾಸ್ತ್ರವು ಕಾರಣವೆಂದು ಹೇಳುವವರುಂಟು. ಶ್ವಾಸವೇ ಕಾರಣವೆಂದು ನಮ್ಮ ಊಹೆ. ಧ್ವನಿವರ್ಧಕವು ಬಂದ ಮೇಲೆ ಮಂದ್ರದಲ್ಲಿ ಮೆಲ್ಲಗೆ ಹಾಡಿದ ಸಂಗತಿಯೂ ಕೊನೆಯ ಸಾಲಿಗೆ ಮುಟ್ಟಿತು. ದನಿಯನ್ನು ಎಳೆಯುವುದು, ನಿಲ್ಲಿಸುವುದು, ನಡುಗಿಸುವುದು, ಒಂದು ಶಬ್ದವನ್ನು ನಾಲ್ಕು ಬಗೆಯಾಗಿ ನುಡಿದು ನಾಲ್ಕು ಭಾವಗಳನ್ನು ತೋರಿಸುವುದು ಸಾಧ್ಯವಾಯಿತು. ನಾವಡರು ಈ ಸಾಧ್ಯತೆಯನ್ನು ಕಂಡುಕೊಂಡರು. ಹಿಂದುಸ್ತಾನಿ ಪದ್ಧತಿಯ ರಾಗಗಳನ್ನೂ ಲಘುಸಂಗೀತದ ಛಾಯೆಯನ್ನೂ ಅವರು ರಂಗಸ್ಥಳಕ್ಕೆ ತಂದರೆಂದು ಮೆಚ್ಚಿದವರೂ ಹಳಿದವರೂ ಒಂದೇ ಮಾತಿನಲ್ಲಿ ಹೇಳುತ್ತಾರೆ. ಭೇದವಿರುವುದು ಮೆಚ್ಚಬೇಕೆ ಹಳಿಯಬೇಕೆ ಎಂಬಲ್ಲಿ ಮಾತ್ರ.

ಹಳಿದವರ ಪಕ್ಷವು ಅಲ್ಪವಾದುದಲ್ಲ. ಯಕ್ಷಗಾನದ ಪದಗಳು ಛಂದಸ್ಸಿನ ಮಟ್ಟುಗಳ ಮೇಲೆ ಕಟ್ಟಿದುವು. ಮಟ್ಟೇ ರಾಗದ ನಡೆಯನ್ನು ನಿಯಮಿಸುವುದು. ಮಟ್ಟನ್ನು ಬಿಟ್ಟು ರಾಗವನ್ನು ಹಿಗ್ಗಿಸಿದರೆ ಅದು ಕಛೇರಿಯಾಗುವುದೇ ಹೊರತು ಆಟವಾಗುವುದಿಲ್ಲ ಎಂಬುದು ಅವರ ವಾದ. ಕಾರಂತರು (೧೯೦೨–೧೯೯೭) ತಮ್ಮ ಗ್ರಂಥಗಳಲ್ಲಿ ಲುಪ್ತವಾಗುತ್ತಿರುವ ಯಕ್ಷಗಾನದ ದೇಶೀ ರಾಗಗಳಿಗಾಗಿ ಪಟ್ಟ ವ್ಯಸನವನ್ನು ವಾಚಕರು ಬಲ್ಲರು. ಅವರ ಪ್ರೇರಣೆಯಿಂದಲೂ ಪ್ರೊ. ಕು. ಶಿ. ಹರಿದಾಸ ಭಟ್ಟರ ಉದ್ಯೋಗದಿಂದಲೂ ೧೯೭೧ರಲ್ಲಿ ಉಡುಪಿಯಲ್ಲಿ ಆರಂಭವಾದ ಯಕ್ಷಗಾನ ಕೇಂದ್ರವು ಹಳೆಯ ಕ್ರಮವನ್ನು ಉಳಿಸುವುದಕ್ಕೆಂದೇ ಹುಟ್ಟಿದ ವಿದ್ಯಾಲಯ. ಮಣಿಪಾಲಕ್ಕೆ ಹೋಗುವ ದಾರಿಯಲ್ಲಿ ಇಂದ್ರಾಳಿಯಲ್ಲಿ ಅದು ಇಂದಿಗೂ ಕೆಲಸಮಾಡುತ್ತಿದೆ. ಕೋಟ, ಸಾಲಿಗ್ರಾಮ, ಗುಂಡ್ಮಿಗಳು ಒಂದರ ಮಗ್ಗುಲಲ್ಲಿ ಒಂದಿರುವ ಊರುಗಳು. ಯಕ್ಷಗಾನವು ಕೆಡುತ್ತಿದೆಯೆಂದು ಬರೆದ ಪ್ರೌಢನೂ, ಅದು ಕೆಡಲಿಕ್ಕೆ ಕಾರಣನೆಂದು ಕೆಲವರು ಬೆರಳು ತೋರಿದ ತರುಣನೂ ಒಂದೇ ಸೀಮೆಯ ನೀರು ಕುಡಿದವರು. ಆ ಪ್ರೌಢರಾದರೂ ತಮ್ಮ ಪ್ರಯೋಗಗಳಲ್ಲಿ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಹಿಮ್ಮೇಳಕ್ಕೆ ಸೇರಿಸಿದರೆಂಬುದನ್ನು ಇಲ್ಲಿ ಸ್ಮರಿಸಿದರೆ ಅವಿನಯವಾಗಲಾರದು.

ಮಟ್ಟಿನ ವಾದವನ್ನು ನಾವು ತಿರಸ್ಕರಿಸುವುದಿಲ್ಲ. ಆದರೆ ಮಾರ್ವಿಯ ಶಿಕ್ಷಣವನ್ನು ಮರೆತು ನಾವಡರನ್ನು ಕೇವಲ ಚಲಚ್ಚಿತ್ರದ ಅನುಕಾರಿಯೆಂದು ಎಣಿಸುವುದು ಅನ್ಯಾಯ. ಧ್ವನಿಸುರುಳಿಗಳನ್ನು ಸಾವಧಾನವಾಗಿ ಕೇಳಿದವರಿಗೆ ಒಂದು ಕ್ರಮವು ಕಾಣುತ್ತದೆ. ವೀರರಸದ ಏರುಪದಗಳಲ್ಲಿಯೂ ಯುದ್ಧದ ಪದಗಳಲ್ಲಿಯೂ ಅವರು ಮಟ್ಟನ್ನು ಬಿಗಿಯಾಗಿ ಹಿಡಿಯುತ್ತಾರೆ; ತಾಳದ ಪೆಟ್ಟು ಗುರುವಿನ ಮನೆಯದೇ. ಶೃಂಗಾರ ಕರುಣಗಳಲ್ಲಿ, ಅದೂ ಪಾತ್ರಧಾರಿಯು ಕುಣಿಯದೆ ನಿಂತು ಅಭಿನಯಿಸುವ ಸ್ಥಳಗಳಲ್ಲಿ, ರಾಗವನ್ನು ಹಿಗ್ಗಿಸುತ್ತಾರೆ. ಕುಣಿತಕ್ಕೆ ಅಡ್ಡಿಯಾಗುವಲ್ಲಿ ಹಿಗ್ಗಿಸಿದುದು ನಾವು ಕೇಳಿದ ಮಟ್ಟಿಗೆ ಅಪೂರ್ವ. ಆದುದರಿಂದ ಇದನ್ನು ಅವಿವೇಕವೆನ್ನಲಾಗದು, ಔಚಿತ್ಯದ ಒಂದು ಬಗೆಯ ನಿರ್ಣಯವೆಂದೇ ಹೇಳಬೇಕು. ಆ ನಿರ್ಣಯವು ಎಲ್ಲ ಕಡೆಯೂ ಸರಿಯೆಂದು ನಾವು ಸಾಧಿಸಹೊರಟಿಲ್ಲ. ಕೆಲವು ರಾತ್ರಿಗಳಲ್ಲಿ, ಕೈಚಪ್ಪಾಳೆ ಮೊದಲಾದೊಡನೆ, ಅದೇ ಚರಣವನ್ನು ಮೂರನೆಯ ಬಾರಿಗೂ ನಾಲ್ಕನೆಯ ಬಾರಿಗೂ ಎತ್ತಿಕೊಂಡುದನ್ನು ಕೇಳುವಾಗ ರಂಗದ ಮೇಲೆ ನಿಂತ ಪಾತ್ರಧಾರಿಯ ಕಾಲುಗಳ ವಿಷಯದಲ್ಲಿ ನಮಗೆ ಕರುಣೆಯುಂಟಾಗುತ್ತದೆ.

ಶಾರ್ಙ್ಗದೇವನ ‘ಸಂಗೀತರತ್ನಾಕರ’ದಲ್ಲಿ (೧೩ನೆಯ ಶತಮಾನ) ಮಾತುವನ್ನೂ ಧಾತುವನ್ನೂ, ಅಂದರೆ ಸಾಹಿತ್ಯವನ್ನೂ ಸ್ವರರಚನೆಯನ್ನೂ, ತಾನೇ ಮಾಡಬಲ್ಲವನು ವಾಗ್ಗೇಯಕಾರನೆಂದು ಹೇಳಿದೆ, ಅನ್ಯರ ಧಾತುವಿಗೆ ತನ್ನ ಮಾತನ್ನು ಹೊಂದಿಸುವವನು ಕುಟ್ಟಿಕಾರನು. ನಾವಡರು ಹಾಡಿದುದು ಮಾತ್ರವಲ್ಲದೆ ಪ್ರಸಂಗಗಳನ್ನೂ ರಚಿಸಿದರು. ಅವುಗಳೊಳಗೆ ‘ನಾಗಶ್ರೀ’ಯು ಇಂದಿಗೂ ಹೆಸರಾಗಿದೆ. ಕಥೆಯು ಪುರಾಣಮೂಲವಾದುದಲ್ಲ, ಕಲ್ಪಿತವಾದುದು. ಡೇರೆಯ ಮೇಳಗಳಲ್ಲಿ ಇಂಥ ಕಲ್ಪಿತ ಕಥೆಗಳಿಗೆ ಆಗ ಬಹಳ ಪ್ರಚಾರವಿದ್ದಿತು. ಕಂದಾವರ ರಘುರಾಮ ಶೆಟ್ಟರ ‘ಚೆಲುವೆ ಚಿತ್ರಾವತಿ’ಯೂ ಈ ಜಾತಿಯದೇ. ಪುರಾಣವನ್ನು ಬಿಟ್ಟುದಕ್ಕಾಗಿ ಈ ಪ್ರಸಂಗಗಳನ್ನು ಒಟ್ಟಾಗಿ ನಿಂದಿಸುವ ರೂಢಿಯುಂಟು. ನಿಂದಿಸುವವರು ಪ್ರಕರಣವೆಂಬ ರೂಪಕಭೇದವನ್ನು ಮರೆತಿರುವರು. ಕವಿಕಲ್ಪಿತವಾದ ವಸ್ತುವು ಅಲ್ಲಿ ದೋಷವಾಗಿರಲಿ, ಲಕ್ಷಣವೇ ಆಗಿದೆ. ಭಾಗವತನೇ ಕವಿಯಾದುದರ ಫಲವು ‘ನಾಗಶ್ರೀ’ಯ ಪದಗಳಲ್ಲಿ ಸ್ಪಷ್ಟವಾಗಿದೆ: ಎಲ್ಲಿ ಉಸಿರು ಬೇಕೋ ಅಲ್ಲಿ ದೀರ್ಘಾಕ್ಷರವಿದೆ. ಇದು ಮೇಜಿನ ಮುಂದೆ ಕುಳಿತು ಬರೆದವನ ಪದವಲ್ಲ, ತಾಳವನ್ನು ಕೈಯಲ್ಲಿ ಹಿಡಿದವನ ಪದ.

ಭಾಗವತನೊಬ್ಬನನ್ನೇ ಹೊಗಳಿ ಹಿಮ್ಮೇಳವನ್ನು ಮರೆಯುವುದು ಅಭಿಮಾನಿಗಳ ದೋಷ. ಶಾರ್ಙ್ಗದೇವನು ಗಾಯಕ ವಾದಕರ ಸಮುದಾಯವನ್ನು ವೃಂದವೆಂದು ಕರೆದು, ಉತ್ತಮವೃಂದದಲ್ಲಿ ಮುಖ್ಯಗಾಯಕರು ನಾಲ್ವರು, ಅವರೊಡನೆ ಹಾಡುವವರು ಎಂಟು ಮಂದಿ ಇತ್ಯಾದಿಯಾಗಿ ಲೆಕ್ಕ ಕೊಟ್ಟಿದ್ದಾನೆ. ನಮ್ಮ ಹಿಮ್ಮೇಳವು ಭಾಗವತ, ಮದ್ದಳೆ, ಚಂಡೆ, ಶ್ರುತಿ ಎಂಬ ನಾಲ್ಕರಲ್ಲಿಯೇ ಮುಗಿಯುವುದು. ಆದರೆ ಲಕ್ಷಣವು ಒಂದೇ: ಒಬ್ಬನ ಮನೋಧರ್ಮವನ್ನು ಮತ್ತೊಬ್ಬನು ಅರಿತು ತುಂಬುವುದು. ಶ್ರುತಿಯನ್ನು ಏರಿಸಿದ ಅಪವಾದವನ್ನು ೧೯೮೦ರ ತರುಣರ ಮೇಲೆ ಹೊರಿಸುವವರು ಹಿರಿಯಡ್ಕ ಗೋಪಾಲರಾಯರನ್ನು ನೆನೆಯಬೇಕು. ೧೯೧೯ರಲ್ಲಿ ಹುಟ್ಟಿ ೨೦೧೮ರ ವರೆಗೆ ಬಾಳಿದ ಆ ಮದ್ದಳೆಗಾರರು, ಶೇಷಗಿರಿ ಭಾಗವತರ ಜೊತೆಯಲ್ಲಿ ಏರುಶ್ರುತಿಯ ಮದ್ದಳೆಯನ್ನು ಬಳಕೆಗೆ ತಂದುದು ನಾವಡರು ರಂಗಕ್ಕೆ ಬರುವುದಕ್ಕೆ ಎಷ್ಟೋ ಮೊದಲು. ಇಂದು ಯಾವುದನ್ನು ನಾವು ಹಳೆಯ ಶುದ್ಧಕ್ರಮವೆನ್ನುವೆವೋ ಅದೂ ಒಬ್ಬರ ಕಾಲದ ಹೊಸತೇ ಆಗಿದ್ದಿತು.

ಇನ್ನು ಶ್ರೋತೃಗಳ ವಿಷಯ. ಬಡಗುತಿಟ್ಟಿನ ನೆಲೆಯು ಉಡುಪಿಯ ಉತ್ತರಕ್ಕೆ ಬ್ರಹ್ಮಾವರ, ಕೋಟ, ಕುಂದಾಪುರಗಳ ಸೀಮೆ. ಅಲ್ಲಿಯ ಮನೆಮಾತು ಕನ್ನಡ. ಉಡುಪಿಯಿಂದ ದಕ್ಷಿಣಕ್ಕೆ ಕಾಪು, ಪೂರ್ವ ದಕ್ಷಿಣಕ್ಕೆ ಕಾರ್ಕಳ, ಇವು ತುಳುವಿನ ಸೀಮೆ. ತೆಂಕುತಿಟ್ಟಿನ ಗಾಳಿ ಇಲ್ಲಿಂದಲೇ ಮೊದಲಾಗುವುದು. ಗಡಿಯ ಸೀಮೆಯ ಶ್ರೋತೃವಿನ ಸಾಕ್ಷ್ಯಕ್ಕೆ ಒಂದು ವಿಶೇಷವಾದ ಬೆಲೆಯುಂಟು. ಅವನು ಒಂದು ವಾರ ತೆಂಕಿನ ಚಂಡೆಯನ್ನು ಕೇಳಿ ಮತ್ತೊಂದು ವಾರ ಬಡಗಿನ ಭಾಗವತಿಕೆಯನ್ನು ಕೇಳಿದವನಾದುದರಿಂದ ಭೇದವನ್ನು ಬೇಗ ಹಿಡಿಯುತ್ತಾನೆ. ಒಂದೇ ತಿಟ್ಟಿನಲ್ಲಿ ಬೆಳೆದವನು ತನ್ನದನ್ನು ಪ್ರಕೃತಿಯೆಂದೂ ಉಳಿದುದನ್ನು ವಿಕೃತಿಯೆಂದೂ ಎಣಿಸುತ್ತಾನೆ. ಕಾಪುವಿನ ಕಡಲ ಬದಿಯ ವೃದ್ಧ ಗೃಹಸ್ಥರೊಬ್ಬರು, ಸಂಗೀತದ ಪರಿಭಾಷೆಯ ಗಂಧವೇ ಇಲ್ಲದವರು, ನಾವಡರು ಪದವನ್ನು ಎತ್ತಿಕೊಳ್ಳುವ ಕ್ರಮಕ್ಕೂ ತೆಂಕಿನವರ ಕ್ರಮಕ್ಕೂ ಇರುವ ಭೇದವನ್ನು ದೋಣಿಯನ್ನು ನೀರಿಗೆ ತಳ್ಳುವ ಎರಡು ವಿಧಗಳಿಗೆ ಹೋಲಿಸಿ ನಮಗೆ ತಿಳಿಸಿದರು: ಒಬ್ಬರು ತೆರೆ ಬರುವ ಮೊದಲೇ ನುಗ್ಗಿಸುವರಂತೆ, ಇವರು ತೆರೆಯು ಹಿಂದೆಗೆಯುವುದನ್ನು ಕಾದು ಅದರ ಬೆನ್ನ ಮೇಲೆ ಬಿಡುವರಂತೆ. ತಾಳದ ಅನಾಗತ ಅತೀತ ಗ್ರಹಗಳ ವಿವರಣೆಯನ್ನು ಇದಕ್ಕಿಂತ ವಿಶದವಾಗಿ ನಾವು ಯಾವ ಪಂಡಿತನ ಬಾಯಿಂದಲೂ ಕೇಳಿಲ್ಲ.

ಇಂಥವರ ಸ್ಮೃತಿಯು ಪ್ರಮಾಣವೇ? ನೈಯಾಯಿಕರು ಯಥಾರ್ಥವಾದ ಅನುಭವವನ್ನು ಮಾತ್ರ ಪ್ರಮೆಯೆಂದು ಒಪ್ಪಿ, ಸ್ಮೃತಿಯು ಪೂರ್ವಾನುಭವವನ್ನು ಆಶ್ರಯಿಸುವುದರಿಂದ ಅದನ್ನು ಹೊರಗಿಡುತ್ತಾರೆ. ಉಡುಪಿಯ ಮಠಗಳಲ್ಲಿ ಓದುವ ಶಾಸ್ತ್ರದ ಮತವು ಹಾಗಲ್ಲ. ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ಯಾಥಾರ್ಥ್ಯವೊಂದೇ ಲಕ್ಷಣವೆಂದು ಸ್ಥಾಪಿಸಿ, ವಿಷಯವು ಇದ್ದಂತೆಯೇ ತೋರಿದರೆ ಸ್ಮೃತಿಯೂ ಪ್ರಮಾಣವೇ ಎಂದು ಸಮರ್ಥಿಸಿದ್ದಾರೆ. ಸಿದ್ಧಾಂತಗಳ ಜಗಳವು ಇಲ್ಲಿ ಬೇಡ. ಚರಿತ್ರಕಾರನಿಗೆ ಉಪಯುಕ್ತವಾದುದು ಇಷ್ಟು: ನೆನಪೆಂಬ ಕಾರಣಕ್ಕಾಗಿಯೇ ನೆನಪನ್ನು ತಳ್ಳಿಹಾಕತಕ್ಕುದಲ್ಲ. ಅದರ ಯಾಥಾರ್ಥ್ಯವನ್ನು ಬೇರೆ ಸಾಕ್ಷಿಗಳಿಂದ ಪರೀಕ್ಷಿಸತಕ್ಕುದು. ಅಭಿಮಾನವು ನೆನಪನ್ನು ಬಣ್ಣಗೆಡಿಸುವುದು ನಿಜ. ನಾವು ಕಂಡ ಅನೇಕರ ಮಾತಿನಲ್ಲಿ ಹತ್ತು ರಾತ್ರಿಗಳ ಹಾಡು ಒಂದು ರಾತ್ರಿಯಾಗಿ ಕೂಡಿಕೊಂಡಿದ್ದಿತು. ಡೇರೆಯೊಳಗಿನ ಜನಸಂಖ್ಯೆಯು ಹೇಳಿದಂತೆಲ್ಲ ಬೆಳೆಯುತ್ತಿದ್ದಿತು. ಸಂಖ್ಯೆಯ ವಿಷಯದಲ್ಲಿ ಅಭಿಮಾನಿಯನ್ನು ನಂಬಬಾರದು. ಸ್ವರದ ವಿಷಯದಲ್ಲಿ, ಅವನು ತಾನೇ ಹಾಡಿ ತೋರಿಸಬಲ್ಲವನಾದರೆ, ನಂಬಬಹುದು.

ಯಂತ್ರದ ಸಾಕ್ಷ್ಯವನ್ನಾದರೂ ಪರೀಕ್ಷಿಸದೆ ಒಪ್ಪಬಹುದೆ? ಕ್ಯಾಸೆಟ್ಟೆಂದು ಜನರು ಕರೆಯುವ ಧ್ವನಿಸುರುಳಿಯನ್ನು ಫಿಲಿಪ್ಸ್ ಸಂಸ್ಥೆಯವರು ೧೯೬೩ರಲ್ಲಿ ಹೊರತಂದರು. ನಮ್ಮ ಕಡೆ ಹೆಚ್ಚಾಗಿ ಬಳಕೆಯಲ್ಲಿದ್ದುದು ತೊಂಬತ್ತು ನಿಮಿಷದ್ದು. ಒಂದು ಮಗ್ಗುಲಿಗೆ ನಾಲ್ವತ್ತೈದು ನಿಮಿಷ. ರಾತ್ರಿ ಹತ್ತರ ಹೊತ್ತಿಗೆ ಮೊದಲಾಗಿ ಬೆಳಗಿನ ತನಕ ನಡೆಯುವ ಆಟಕ್ಕೆ ಇಂಥವು ಐದಾರು ಬೇಕು. ಮಗ್ಗುಲು ಮಗುಚುವಾಗಲೂ ಸುರುಳಿ ಬದಲಿಸುವಾಗಲೂ ಪ್ರತಿಬಾರಿ ಸ್ವಲ್ಪ ಭಾಗವು ನಷ್ಟವಾಗುವುದು. ಓಲೆಗ್ರಂಥದಲ್ಲಿ ಗೆದ್ದಲು ತಿಂದ ಸ್ಥಳವು ಕಣ್ಣಿಗೆ ಕಾಣುತ್ತದೆ. ಇಲ್ಲಿ ತ್ರುಟಿಯು ಕಾಣುವುದಿಲ್ಲ. ಒಂದು ಸುರುಳಿಯಿಂದ ಮತ್ತೊಂದಕ್ಕೆ ಪ್ರತಿಮಾಡುವವನು ನಡುವಣ ಮೌನವನ್ನು ಕತ್ತರಿಸಿ ಎರಡು ತುದಿಗಳನ್ನು ಜೋಡಿಸಿದನೆಂದರೆ ಕೇಳುವವನಿಗೆ ಲೋಪದ ಸುಳಿವೇ ಸಿಕ್ಕದು. ವೇಗದ ದೋಷವು ಬೇರೆ. ಧ್ವನಿಗ್ರಾಹಕದ ಬ್ಯಾಟರಿಯು ಇಳಿದಿದ್ದರೆ ಸುರುಳಿಯು ನಿಧಾನವಾಗಿ ಓಡಿ ದನಿಯನ್ನು ಹಿಡಿಯುವುದು. ಅದನ್ನು ಸರಿಯಾದ ವೇಗದಲ್ಲಿ ಕೇಳಿದಾಗ ಶ್ರುತಿಯೂ ಕಾಲವೂ ಏರಿ ಕಾಣುವುವು. ನಾವಡರು ಕೊನೆಯ ವರ್ಷಗಳಲ್ಲಿ ಶ್ರುತಿಯನ್ನು ಏರಿಸಿದರೆಂದು ಒಂದೇ ಸುರುಳಿಯನ್ನು ಆಧಾರಮಾಡಿ ವಾದಿಸಿದವರನ್ನು ನಾವು ಕಂಡಿದ್ದೇವೆ. ಇದಕ್ಕೆ ಪರೀಕ್ಷೆಯುಂಟು. ಶ್ರುತಿಗೆ ಹಾರ್ಮೋನಿಯಂ ಬಳಸಿದ್ದಲ್ಲಿ ಅದರ ಮನೆಗಳು ನಿಯತವಾದುವು; ಸುರುಳಿಯಲ್ಲಿ ಕೇಳುವ ಆಧಾರಷಡ್ಜವು ಎರಡು ಮನೆಗಳ ನಡುವೆ ಬಿದ್ದರೆ ವಾದ್ಯವಲ್ಲ, ಸುರುಳಿಯೇ ತಪ್ಪಿದೆಯೆಂದು ತಿಳಿಯಬೇಕು.

ಈ ಎರಡು ಸಾಕ್ಷಿಗಳು ಎದುರಾದ ಒಂದು ಉದಾಹರಣೆಯನ್ನು ವಿಸ್ತಾರವಾಗಿ ಹೇಳುವುದು ಉಚಿತ. ‘ನಾಗಶ್ರೀ’ಯ ಕರುಣರಸದ ಪದವೊಂದನ್ನು ಕುರಿತು, ಕಾರ್ಕಳದ ಕಡೆಯ ನಿವೃತ್ತ ಶಾಲಾ ಉಪಾಧ್ಯಾಯರೊಬ್ಬರು, ತಾವು ಕೇಳಿ ಬಂದ ಆ ರಾತ್ರಿ ಎರಡನೆಯ ಚರಣವು ಮುಗಿದ ಬಳಿಕ ಚಂಡೆಯನ್ನು ತಡೆದು ಕೇವಲ ಶ್ರುತಿಯ ಮೇಲೆ ಪಲ್ಲವಿಯನ್ನು ವಿಳಂಬದಲ್ಲಿ ಹಾಡಿ, ಆ ಬಳಿಕವೇ ಮುಕ್ತಾಯಕ್ಕೆ ಹೋದರೆಂದು ಹೇಳಿದರು, ಅದನ್ನು ಹಾಡಿಯೂ ತೋರಿಸಿದರು. ಮಣಿಪಾಲದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸ ಮಾಡಿ ವಿಶ್ರಾಂತರಾದವರೊಬ್ಬರ ಬಳಿಯಲ್ಲಿಯೂ ಕಾಪುವಿನ ಮತ್ತೊಬ್ಬರ ಬಳಿಯಲ್ಲಿಯೂ ಅದೇ ರಾತ್ರಿಯ ಆಟದ ಸುರುಳಿಗಳಿದ್ದುವು. ಎರಡರಲ್ಲಿಯೂ ಆ ಭಾಗವಿಲ್ಲ. ಎರಡನೆಯ ಚರಣದ ಬೆನ್ನಿಗೇ ಮುಕ್ತಾಯವಿದೆ. ಯಂತ್ರಗಳು ಎರಡು, ಮನುಷ್ಯನು ಒಬ್ಬ. ಉಪಾಧ್ಯಾಯರಿಗೆ ಬೇರೊಂದು ರಾತ್ರಿಯ ನೆನಪು ಇದರೊಳಗೆ ಸೇರಿರಬೇಕೆಂದು ಅವರ ಮಿತ್ರರೇ ನಕ್ಕರು. ನಮಗೆ ಮಾತ್ರ ಒಂದು ಸಂಶಯವುಂಟಾಯಿತು. ಎರಡು ಸುರುಳಿಗಳಲ್ಲಿಯೂ ಮುಕ್ತಾಯದ ಮೊದಲಕ್ಷರವು ಅರ್ಧ ಕತ್ತರಿಸಿದಂತೆ ಕೇಳುತ್ತದೆ. ಅದೇ ಸ್ಥಳದಲ್ಲಿ ಅದೇ ಕೆಮ್ಮಿನ ಸದ್ದು ಅರ್ಧಕ್ಕೆ ನಿಂತಿದೆ. ಮಹಾಭಾರತದ ಸಂಶೋಧಿತ ಆವೃತ್ತಿಯ ಕಾಲದಿಂದ ನಮ್ಮಲ್ಲಿ ರೂಢವಾಗಿರುವ ನ್ಯಾಯವೊಂದುಂಟು: ಸಮಾನವಾದ ದೋಷವು ಸಮಾನವಾದ ಮಾತೃಕೆಯನ್ನು ಸೂಚಿಸುವುದು. ವಿಚಾರಿಸಲಾಗಿ, ಎರಡೂ ಪ್ರತಿಗಳು ಉಡುಪಿಯ ಒಂದೇ ಮೂಲಸುರುಳಿಯಿಂದ ತೆಗೆದುವೆಂದು ಗೊತ್ತಾಯಿತು. ಮೂಲದಲ್ಲಿ ಮಗ್ಗುಲು ಮಗುಚಿದ ಸ್ಥಳವು ಅದು. ಪ್ರತಿಮಾಡಿದವನು ನಡುವನ್ನು ಕೂಡಿಸಿದ್ದನು. ಆದುದರಿಂದ ಎರಡು ಸಾಕ್ಷಿಗಳೆಂದು ಕಂಡುದು ಒಂದೇ ಸಾಕ್ಷಿ, ಅದೂ ಆ ಸ್ಥಳದಲ್ಲಿ ಮೂಕಸಾಕ್ಷಿ.

ಕೆಲವು ತಿಂಗಳ ಮೇಲೆ ಮೂರನೆಯದೊಂದು ಸುರುಳಿ ದೊರೆಯಿತು. ಡೇರೆಯ ಬೇರೊಂದು ಮೂಲೆಯಲ್ಲಿ ಕುಳಿತು ಹಿಡಿದುದು. ಜನರ ಮಾತು, ಮಗುವಿನ ಅಳು, ಕಡಲೆ ಮಾರುವವನ ಕೂಗು, ಎಲ್ಲವೂ ಅದರಲ್ಲಿವೆ. ಮಗ್ಗುಲು ಮಗುಚಿದ ಸ್ಥಳವೂ ಬೇರೆ. ಎರಡನೆಯ ಚರಣ ಮುಗಿಯುತ್ತದೆ, ಚಂಡೆ ನಿಲ್ಲುತ್ತದೆ, ಶ್ರುತಿಯೊಂದರ ಮೇಲೆ ಪಲ್ಲವಿಯು ವಿಳಂಬದಲ್ಲಿ ಬರುತ್ತದೆ. ಉಪಾಧ್ಯಾಯರು ಹಾಡಿ ತೋರಿಸಿದುದಕ್ಕೂ ಇದಕ್ಕೂ ಒಂದು ಸ್ವರದ ಅಂತರವುಂಟು, ಅಷ್ಟೇ. ಸುಮಾರು ಮೂವತ್ತೈದು ವರ್ಷಗಳ ನೆನಪಿನಲ್ಲಿ ಒಂದು ಸ್ವರ ಜಾರಿದುದು ಹೆಚ್ಚೆಂದು ಹೇಳುವವರು ತಮ್ಮ ಗುರುಗಳ ಪಾಠವನ್ನು ತಾವು ಎಷ್ಟು ಉಳಿಸಿಕೊಂಡಿದ್ದಾರೆಂದು ಮೊದಲು ನೋಡಿಕೊಳ್ಳಲಿ. ಈ ಸುರುಳಿಯನ್ನು ಅವರಿಗೆ ಕೇಳಿಸಿದಾಗ ಅವರು ಗೆದ್ದವರಂತೆ ಆಡಲಿಲ್ಲ. ಪದ ಮುಗಿಯುವ ತನಕ ತಲೆ ತಗ್ಗಿಸಿ ಕುಳಿತಿದ್ದು, ‘ಮಗು ಅಳುತ್ತಿದ್ದುದು ನನಗೆ ಮರೆತೇ ಹೋಗಿತ್ತು’ ಎಂದಷ್ಟೇ ಹೇಳಿದರು.

ಇಂಥ ಸುರುಳಿಗಳು ಈಚಿನ ವರ್ಷಗಳಲ್ಲಿ ಗಣಕಯಂತ್ರಕ್ಕೆ ಏರಿ, ಕೈಯಲ್ಲಿ ಹಿಡಿಯುವ ದೂರವಾಣಿಗೆ ಇಳಿದು, ನಾವಡರು ಹೋದ ಮೇಲೆ ಹುಟ್ಟಿದವರ ಕಿವಿಗೂ ಮುಟ್ಟಿವೆ. ಗಾಯಕನು ಮರಳಿ ಬಂದನೆಂದು ಹಳಬರು ಹಿಗ್ಗುತ್ತಾರೆ. ಈ ಮರಳುವಿಕೆಯ ಮತ್ತೊಂದು ಮುಖವನ್ನೂ ನೋಡಬೇಕು. ಗಾಯಕರನ್ನು ಶಿಕ್ಷಾಕಾರ, ಅನುಕಾರ, ರಸಿಕ, ರಂಜಕ, ಭಾವುಕರೆಂದು ಐದು ಬಗೆಯಾಗಿ ಎಣಿಸುವ ಸಂಪ್ರದಾಯದಲ್ಲಿ ಅನ್ಯರ ಭಂಗಿಯನ್ನು ಅನುಸರಿಸುವವನು ಅನುಕಾರ. ಹಿಂದೆ ಅನುಕಾರನಾದವನಿಗೆ ಗುರುವಿನ ನೂರು ರಾತ್ರಿಗಳು ಕಿವಿಯಲ್ಲಿರುತ್ತಿದ್ದುವು. ನೂರರ ಸಾರವನ್ನು ಅವನು ಅನುಕರಿಸುತ್ತಿದ್ದನು. ಈಗಿನವನಿಗೆ ದೊರೆಯುವುದು ಒಂದು ರಾತ್ರಿಯ ಒಂದು ಸುರುಳಿ. ಆ ರಾತ್ರಿ ಗಂಟಲು ಕಟ್ಟಿದುದೂ, ಬೆಳಗಿನ ಜಾವದ ಆಯಾಸಕ್ಕಾಗಿ ಚರಣವನ್ನು ಮೊಟಕುಮಾಡಿದುದೂ ಅವನಿಗೆ ಲಕ್ಷಣವಾಗುತ್ತವೆ. ಆಲಾಪನೆಯನ್ನು ಕಂಠಪಾಠ ಮಾಡಿದ ಹುಡುಗನೊಬ್ಬನು, ಸುರುಳಿಯು ತೀರಿದ ಸ್ಥಳಕ್ಕೆ ಬಂದೊಡನೆ ನಿಷಾದದ ಮೇಲೆಯೇ ನಿಂತುಬಿಟ್ಟು, ಷಡ್ಜಕ್ಕೆ ಏಕೆ ಹೋಗಲಿಲ್ಲವೆಂದು ಕೇಳಿದುದಕ್ಕೆ ‘ಅವರೂ ಅಲ್ಲಿಯೇ ನಿಲ್ಲಿಸಿದ್ದಾರೆ’ ಎಂದನೆಂದು ಉಡುಪಿಯ ಹಳೆಯ ಶ್ರೋತೃವೊಬ್ಬರು ನಮಗೆ ಹೇಳಿ ನಕ್ಕರು. ನಾವೂ ನಕ್ಕೆವು. ಆದರೆ ಲಿಪಿಕಾರರ ಪ್ರಮಾದಗಳು ಪಾಠಗಳಾಗಿ ನಿಂತ ನಮ್ಮ ಕಾವ್ಯಗಳ ಚರಿತ್ರೆಯೂ ಇದೇ ಅಲ್ಲವೆ?

ನಾವಡರ ಸಮಕಾಲೀನರ ಕಡೆಗೆ ತಿರುಗಿದರೆ ಈ ಭೇದವು ಸ್ಪಷ್ಟವಾಗುತ್ತದೆ. ಪೆರ್ಡೂರು ಮೇಳದಲ್ಲಿ ದೀರ್ಘಕಾಲ ಹಾಡಿ ೨೦೨೪ರ ಏಪ್ರಿಲಿನಲ್ಲಿ ಕೀರ್ತಿಶೇಷರಾದ ಸುಬ್ರಹ್ಮಣ್ಯ ಧಾರೇಶ್ವರರು ಹೊಸ ರಾಗಗಳ ದಾರಿಯಲ್ಲಿಯೇ ನಡೆದರೂ ಅವರ ದನಿಯು ಯಾರ ಅನುಕರಣವೂ ಅಲ್ಲ. ಅವರು ನಾವಡರನ್ನು ಕೇಳಿದುದು ಸುರುಳಿಯಲ್ಲಲ್ಲ, ರಂಗಸ್ಥಳದಲ್ಲಿ. ಕೇಳಿದುದನ್ನು ತಮ್ಮದಾಗಿ ಮಾಡಿಕೊಳ್ಳಲು ಅವರಿಗೆ ದಶಕಗಳ ಅವಕಾಶವಿದ್ದಿತು. ನಾವಡರಿಗೆ ಆ ಅವಕಾಶವು ದೊರೆಯಲಿಲ್ಲ. ಐವತ್ತು ಅರುವತ್ತರ ವಯಸ್ಸಿನಲ್ಲಿ ಅವರು ಹೇಗೆ ಹಾಡುತ್ತಿದ್ದರು, ಹಿಗ್ಗಿಸಿದುದನ್ನು ಮತ್ತೆ ಮಟ್ಟಿನೊಳಗೆ ಮಡಿಸುತ್ತಿದ್ದರೆ, ಎಂಬ ಪ್ರಶ್ನೆಯನ್ನು ನಾವು ಕಂಡ ಶ್ರೋತೃಗಳೆಲ್ಲರೂ, ಕೇಳದೆಯೇ, ಎತ್ತಿದರು. ಬಹುಮಂದಿ ಮಡಿಸುತ್ತಿದ್ದರೆಂದೇ ನಂಬಿದ್ದಾರೆ. ಗುರುಗಳ ಶಿಕ್ಷೆಯನ್ನು ನೋಡಿದರೆ ಆ ನಂಬಿಕೆಯು ನಿರಾಧಾರವಲ್ಲ.

ಸುರುಳಿಗಳ ಸ್ಥಿತಿಯನ್ನು ಕುರಿತು ಎರಡು ಮಾತು. ಕರಾವಳಿಯ ಮಳೆಗಾಲದ ತೇವದಲ್ಲಿ ಅವುಗಳ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ; ಬೂಷ್ಟು ಹಿಡಿದುದನ್ನು ಹಾಗೆಯೇ ಯಂತ್ರಕ್ಕೆ ಹಾಕಿದರೆ ಪಟ್ಟಿಯು ಅಂಟಿಕೊಂಡು ಹರಿಯುತ್ತದೆ. ಓಲೆಗಳನ್ನು ಹೊಗೆಯಟ್ಟದಲ್ಲಿಟ್ಟು ಕಾಪಾಡಿದ ನಮ್ಮ ಹಿರಿಯರ ಉಪಾಯವು ಇಲ್ಲಿ ನಡೆಯದು. ಶಾಖಕ್ಕೆ ಸುರುಳಿಯು ಮುರುಟುವುದು. ಇವುಗಳನ್ನು ಕೂಡಿಟ್ಟಿರುವವರು ಬಹುತೇಕ ಅರುವತ್ತು ಕಳೆದವರು. ಸುರುಳಿಯ ಹೊದಿಕೆಯ ಮೇಲೆ ಪೆನ್ಸಿಲಿನಿಂದ ಬರೆದ ಊರು, ತಾರೀಖು, ಪ್ರಸಂಗ, ಇವೇ ಪುಷ್ಪಿಕಾವಾಕ್ಯಗಳು; ದನಿಯನ್ನು ಗಣಕಯಂತ್ರಕ್ಕೆ ಏರಿಸಿದ ತರುಣರು ಬಹುಕಡೆ ಈ ಹೊದಿಕೆಗಳನ್ನು ಎಸೆದುಬಿಟ್ಟಿದ್ದಾರೆ. ಕಾರ್ಕಳದ ಉಪಾಧ್ಯಾಯರು ಹಾಗೆ ಮಾಡಿಲ್ಲ. ಅವರು ತಾವು ಕೇಳಿದ ಆಟಗಳ ಪಟ್ಟಿಯನ್ನು ಶಾಲೆಯ ಹಾಜರಿ ಪುಸ್ತಕದ ಮಾದರಿಯಲ್ಲಿ ಗೆರೆ ಹಾಕಿ ಬರೆದಿಟ್ಟಿದ್ದಾರೆ: ಊರು, ತಾರೀಖು, ಪ್ರಸಂಗ, ಭಾಗವತರು, ಮದ್ದಳೆ, ಚಂಡೆ, ಕೊನೆಯ ಅಂಕಣದಲ್ಲಿ ಷರಾ. ಮೂರನೆಯ ಸುರುಳಿಯ ರಾತ್ರಿಯ ಎದುರು, ಷರಾದ ಅಂಕಣದಲ್ಲಿ, ಅವರು ಆಗಲೇ ಬರೆದುದು ಇಷ್ಟು: ‘ಪಲ್ಲವಿ—ಚಂಡೆ ಇಲ್ಲದೆ.’